ಡೀಸೆಲ್‌ಗೆ ಅಮೋನಿಯಾ ಬೆರೆಸಿದ ಬಾಬ್ತು

ನಮ್ಮ ಬಸ್ ಡಿಪೋದಲ್ಲಿ ಡೀಸೆಲ್‌ಗೆ ಅಮೋನಿಯಾ ಬೆರೆಸುವ ಯೋಜನೆಯು ನೂರಕ್ಕೆ ನೂರು ಯಶಸ್ವಿಯಾಗಿರುತ್ತದೆ ಎಂದು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗಿದೆ. ಈ ಪ್ರಕಟಣೆ ಟೈಪ್ ಮಾಡಿದವನು ನಾನೇ, ಡಿಪೋ ಕಚೇರಿಯ ಗುಮಾಸ್ತ. ಹತ್ತೊಂಬತ್ತು ವರ್ಷದಲ್ಲಿ ಒಂದು ಕಾಗದ ಕಳೆದವನಲ್ಲ. ಅಡ್ಡಪ್ರಶ್ನೆ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಮೋನಿಯಾ ಉರಿದರೆ ಮಸಿಯಿಲ್ಲ, ಹೊಗೆಯಿಲ್ಲ ಎಂದು ಮೇಲಿನ ಕಚೇರಿಯ ಸಭೆಯಲ್ಲಿ ತಜ್ಞರೊಬ್ಬರು ಹೇಳಿದರಂತೆ. ಅದಕ್ಕೆ ಬೇರೆ ಟ್ಯಾಂಕು, ಬೇರೆ ಕೊಳವೆ, ಬೇರೆ ಇಂಜಿನ್ನೇ ಬೇಕು ಎಂದು ಅವರು ಹೇಳುವಷ್ಟರಲ್ಲಿ ಊಟದ ಹೊತ್ತಾಯಿತಂತೆ. ಹೀಗಾಗಿ ಸುತ್ತೋಲೆಯಲ್ಲಿ ಮೊದಲರ್ಧ ಮಾತ್ರ ಬಂತು. ನಮ್ಮ ಖರೀದಿ ಸಮಿತಿ ನೆಲ ತೊಳೆಯುವ ಅಮೋನಿಯಾ ನೀರನ್ನು ನಲವತ್ತು ಕ್ಯಾನು ತರಿಸಿತು. ಸರಬರಾಜು ಮಾಡಿದವರು ಮ್ಯಾನೇಜರ್ ಸಾಹೇಬರ ಷಡ್ಡಕರಾಗಿರುವುದು ಕೇವಲ ಕಾಕತಾಳೀಯ ಎಂದು ಸಾಹೇಬರೇ ನನ್ನಿಂದ ಬರೆಸಿದ್ದಾರೆ.

ಡಿಪೋದ ಹೆಡ್ ಮೆಕ್ಯಾನಿಕ್ ನನ್ನ ಭಾವ, ಅಕ್ಕನ ಗಂಡ. ಅವರು ಕ್ಯಾನಿನ ಮುಚ್ಚಳ ತೆಗೆದು, ತಟ್ಟನೆ ಮುಖ ತಿರುಗಿಸಿದರು.

“ಸಾರ್, ಇದರಲ್ಲಿ ಮುಕ್ಕಾಲು ಪಾಲು ನೀರು. ಡೀಸೆಲ್ ಜೊತೆ ಸೇರಲ್ಲ. ಮೇಲಾಗಿ ಅಮೋನಿಯಾ ಹಿತ್ತಾಳೆ, ತಾಮ್ರ ಎಲ್ಲಾನೂ ತಿಂದುಹಾಕುತ್ತೆ.”

“ಸುತ್ತೋಲೆಯಲ್ಲಿ ತಿನ್ನೋ ವಿಷಯ ಇಲ್ವಲ್ಲ,” ಎಂದರು ಸಾಹೇಬರು.

ಬೆರೆಸಿದ್ದು ಖಾತ್ರಿಯಾಗಲು ಪ್ರತಿದಿನ ವಾಸನೆ ಪರೀಕ್ಷೆ ನಡೆಸತಕ್ಕದ್ದು ಎಂಬ ನಿಯಮವಿತ್ತು. ಕ್ಯಾನಿನ ಹತ್ತಿರ ನಿಲ್ಲಬಲ್ಲವರು ಉಗ್ರಾಣದವರೊಬ್ಬರೇ. ಅವರಿಗೆ ವರ್ಷವಿಡೀ ನೆಗಡಿ. ಅವರನ್ನೇ ಮೂಸುವ ಅಧಿಕಾರಿಯಾಗಿ ನೇಮಿಸಲಾಯಿತು. ಅವರು ಮೊದಲ ದಿನ ಟ್ಯಾಂಕಿಗೆ ಮೂಗಿಟ್ಟು, “ಏನೂ ಬರ್ತಿಲ್ಲ” ಎಂದರು. ಪ್ರಮಾಣ ಎರಡು ಪಟ್ಟಾಯಿತು. ಮರುದಿನವೂ ಬರಲಿಲ್ಲ, ನಾಲ್ಕು ಪಟ್ಟಾಯಿತು. ಐದನೇ ದಿನ, “ಏನೋ ಅಲ್ಪಸ್ವಲ್ಪ ಬಂದ ಹಾಗಿದೆ” ಎಂದು ಸಹಿ ಹಾಕಿದರು. ಅಷ್ಟರಲ್ಲಿ ಡ್ರೈವರುಗಳೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು. ‘ಸಿಬ್ಬಂದಿ ಆನಂದಬಾಷ್ಪ ಸುರಿಸಿದರು’ ಎಂದು ವರದಿಯಲ್ಲಿ ಬರೆದೆ. ಸುಳ್ಳೇನಲ್ಲ, ಬರೆಯುವಾಗ ನನ್ನ ಕಣ್ಣಲ್ಲೂ ಧಾರಾಕಾರ ಸುರಿಯುತ್ತಿತ್ತು.

ಒಂಬತ್ತನೇ ದಿನಕ್ಕೆ ಒಂದು ಬಸ್ಸೂ ಸ್ಟಾರ್ಟ್ ಆಗಲಿಲ್ಲ. ಮೇಲಿನ ಕಚೇರಿಯವರು ಬಂದು, ಸಾಲಾಗಿ ನಿಂತ ಬಸ್ಸುಗಳ ಹಿಂಬದಿಗೆ ಅಳೆಯುವ ಯಂತ್ರ ಹಿಡಿದು, ‘ಹೊಗೆ: ಶೂನ್ಯ’ ಎಂದು ಬರೆದುಕೊಂಡರು. ಸಾಹೇಬರಿಗೆ ಪ್ರಶಂಸಾಪತ್ರ ಬಂತು.

ಇಲ್ಲಿಯವರೆಗೆ ನನಗೇನೂ ತಕರಾರಿರಲಿಲ್ಲ. ಆದರೆ ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿದೆ. ವಾರಕ್ಕೆ ಮೂರು ಸಲ ಏಳನೇ ನಂಬರ್ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಾಳೆ. ಒಂದು ಸರದಿ ಆಗಲೇ ತಪ್ಪಿತ್ತು. ಇನ್ನೊಂದು ತಪ್ಪಿದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಆ ರಸ್ತೆಯಲ್ಲಿ ಬಾಡಿಗೆ ಗಾಡಿ ಓಡಕೂಡದು ಎಂದು ನಮ್ಮ ಸಂಸ್ಥೆಯೇ ತಡೆಯಾಜ್ಞೆ ತಂದಿದೆ. ಆ ಅರ್ಜಿ ಟೈಪ್ ಮಾಡಿದ್ದೂ ನಾನೇ.

ಹತ್ತನೇ ದಿನ ಬೆಳಿಗ್ಗೆ ಅಕ್ಕ ಡಿಪೋಗೇ ಬಂದು ಬಸ್ಸಿನ ಕಿಟಕಿ ಪಕ್ಕ ಕೂತಳು. ಊದಿದ ಕಾಲಿಗೆ ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದುಕೊಂಡಿದ್ದಳು. 

“ತಳ್ಕೊಂಡಾದ್ರೂ ಹೋಗ್ತೀನಿ ಸಾರ್, ಗೇಟು ತೆಗೆಸಿ,” ಎಂದರು ಭಾವ.

“ಧಾರಾಳವಾಗಿ. ಆದ್ರೆ ‘ಇಂಜಿನ್ ಸುಸ್ಥಿತಿಯಲ್ಲಿದೆ, ಅಮೋನಿಯಾದಿಂದ ಯಾವ ಹಾನಿಯೂ ಇಲ್ಲ’ ಅಂತ ನಿಮ್ಮ ಸಹಿ ಬೇಕು. ಸಹಿ ಇಲ್ಲದ ಬಸ್ಸು ಗೇಟು ದಾಟೋ ಹಾಗಿಲ್ಲ.”

ಭಾವ ನನ್ನ ಕಡೆ ತಿರುಗಿದರು. “ನೀನಾದ್ರೂ ಹೇಳೋ. ಇಂಜಿನ್ ಸತ್ತುಹೋಗಿದೆ ಕಣೋ. ಹೆಂಗೆ ಸಹಿ ಹಾಕ್ಲಿ?”

“ಹಾಕಿಬಿಡಿ ಭಾವ. ಸತ್ತಿರೋದು ಇಂಜಿನ್ ತಾನೇ?” ಎಂದೆ.

ಹಾಕಿದರು. ಬಸ್ಸಿನ ಬಾಗಿಲಿಗೆ ಕಾಗದ ಒತ್ತಿಟ್ಟು ಹಾಕಿದ್ದರಿಂದ ಸಹಿ ಸೊಟ್ಟಗಾಗಿತ್ತು. ನಾನು ಮೇಲೊಂದು ಮೊಹರು ಒತ್ತಿ ಸರಿಮಾಡಿದೆ.

ಭಾವ, ಡ್ರೈವರುಗಳು, ಪ್ರಯಾಣಿಕರು ಎಲ್ಲ ಸೇರಿ ತಳ್ಳಿದರು. ನಾನೂ ತಳ್ಳಿದೆ. “ಕೂತೋರೂ ಟಿಕೆಟ್ ತಗೊಳ್ಳಿ, ತಳ್ಳೋರೂ ತಗೊಳ್ಳಿ!” ಎಂದು ಕಂಡಕ್ಟರ್ ಕೂಗುತ್ತಿದ್ದ. ಒಂಬತ್ತಕ್ಕೆ ಮುಟ್ಟಬೇಕಾದ ಬಸ್ಸು ಹನ್ನೊಂದೂವರೆಗೆ ಮುಟ್ಟಿತು. ನರ್ಸಮ್ಮ ಬಾಯಿಗೆ ಬಂದಂತೆ ಬೈದು ಅಕ್ಕನನ್ನು ಡಯಾಲಿಸಿಸ್‌ಗೆ ಮಲಗಿಸಿದರು. ಬದುಕಿದಳು, ಸದ್ಯ! ಮರುದಿನದಿಂದ ಎಲ್ಲ ಮಾರ್ಗದಲ್ಲೂ ಅದೇ ಪದ್ಧತಿಯಾಯಿತು. ತಳ್ಳುವವರು ಆಸನ ಕೇಳಕೂಡದು ಎಂಬ ನಿಯಮವೂ ಬಂತು.

ಒಂದು ತಿಂಗಳ ಮೇಲೆ, ಭಾವನ ಸಹಿಯಿದ್ದ ಪ್ರಮಾಣಪತ್ರದ ಆಧಾರದ ಮೇಲೆ, ಯೋಜನೆಯನ್ನು ಆಸ್ಪತ್ರೆಯ ಜನರೇಟರಿಗೂ ವಿಸ್ತರಿಸಲಾಯಿತು. ಅಲ್ಲಿ ಮಧ್ಯಾಹ್ನ ಕರೆಂಟು ಹೋದರೆ ಡಯಾಲಿಸಿಸ್ ಯಂತ್ರ ನಡೆಯುವುದು ಆ ಜನರೇಟರಿನಿಂದಲೇ.

“ಅಲ್ಲಿ ಏನನ್ನು ತಳ್ಳಬೇಕಂತೋ?” ಎಂದು ಅಕ್ಕ ಕೇಳಿದಳು.

“ಸುತ್ತೋಲೆ ಬರಲಿ ಅಕ್ಕ. ಅದರಲ್ಲಿ ಇರುತ್ತೆ.”

ಬಂತು. ಜನರೇಟರು ಸ್ಟಾರ್ಟ್ ಆಗದಿದ್ದಲ್ಲಿ, ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ರಕ್ತ ಓಡಿಸುವ ಕೈಹಿಡಿಯೊಂದಿದೆ; ಅದನ್ನು ರೋಗಿಯ ಕಡೆಯವರು ತಿರುಗಿಸತಕ್ಕದ್ದು. ಈಗ ಕರೆಂಟು ಹೋದ ಕೂಡಲೆ ವಾರ್ಡಿನ ತುಂಬ ಅಣ್ಣತಮ್ಮಂದಿರು, ಗಂಡಹೆಂಡಿರು ಎದ್ದು, ಯಾರನ್ನೂ ಬೈಯದೆ, ತಂತಮ್ಮ ಹಿಡಿ ಹಿಡಿದುಕೊಳ್ಳುತ್ತಾರೆ. ಭಾವ ಮತ್ತು ನಾನು ಪಾಳಿ ಹಂಚಿಕೊಂಡಿದ್ದೇವೆ. ನನ್ನ ತೋಳು ಸೋತು ಹಿಡಿ ನಿಧಾನವಾದಾಗ ಮಾತ್ರ ಅಕ್ಕ ಕಣ್ಣುಬಿಟ್ಟು ನನ್ನ ಮುಖ ನೋಡುತ್ತಾಳೆ.

“ಏನಿಲ್ಲ ಅಕ್ಕ, ಮಲಕ್ಕೋ,” ಎಂದು ನಾನು ಜೋರಾಗಿ ತಿರುಗಿಸುತ್ತೇನೆ.