ನನ್ನ ನಾಲ್ಕು ಗಾಲಿಯ ಖೋಲಿ

ಉಳಿದವರ ಮನೆ ಬೆಳಿಗ್ಗೆ ಬಿಟ್ಟು ಹೋದ ಜಾಗದಲ್ಲೇ ಸಂಜೆ ಸಿಗುತ್ತದೆ. ನನ್ನದಕ್ಕೆ ಆ ಭರವಸೆ ಇರಲಿಲ್ಲ. ಹಾಗಾಗಿ ನನ್ನ ಬಾಳಿನಲ್ಲಿ ಒಂದು ಫಜೀತಿ ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಿತ್ತು. ಗಾಲಿ ಇದ್ದ ಮನೆಯಲ್ಲಿ ಇದ್ದವನಿಗೆ ಬೇರೆ ಹೇಗೆ ಆಗಬೇಕು, ನೀವೇ ಹೇಳ್ರಿ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬಾದಾಮಿ ಕಡೆಯ ಹುಡುಗ. ಘಾಟ್ಕೋಪರಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಗ್ಯಾರೇಜಿನ ಮಾಲೀಕರು ವಿಜಾಪುರದ ಮುಸಲ್ಮಾನರು, ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಹಿಂದಿನ ಚಾಳಿನ ಒಂದು ಖೋಲಿಯಲ್ಲಿ ನಮ್ಮೂರ ಕಡೆಯವರೆಲ್ಲ ಸಾಲಾಗಿ ಮಲಗುತ್ತಿದ್ದೆವು. ಒಬ್ಬ ಮಗ್ಗಲು ಬದಲಿಸಬೇಕೆಂದರೆ ಎಲ್ಲರನ್ನೂ ಎಬ್ಬಿಸಿ, ಎಲ್ಲರೂ ಒಟ್ಟಿಗೆ ಬದಲಿಸಬೇಕು.

ಇಂಥದ್ದರಲ್ಲಿ ನನಗೆ ಮದುವೆಯ ಹುಚ್ಚು. ಭಾಂಡುಪಿನಲ್ಲಿ ನಮ್ಮ ಕಡೆಯ ಒಬ್ಬ ಲಾರಿ ಡ್ರೈವರ್ ಇದ್ದರು. ನಾನು ಅವರ ಲಾರಿ ರಿಪೇರಿಗೆ ಹೋದಾಗ ಊರಿಂದ ಬಂದಿದ್ದ ಅವರ ಅಕ್ಕನ ಮಗಳು ನನ್ನ ಮಸಿ ಮುಖ ನೋಡಿ ನಕ್ಕು, ಸಬಕಾರ ತಂದು ಕೊಟ್ಟಳು. ಮುಖ ತೊಳೆದ ಮೇಲೂ ನಕ್ಕಳು. ಅಷ್ಟಕ್ಕೇ ನಾನು ಮುಗಿದು ಹೋದೆ. ಆದರೆ ಹುಡುಗಿಯ ಅಪ್ಪ, ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವರು, ಒಂದೇ ಮಾತು ಹೇಳಿ ಕಳಿಸಿದರು: "ಮುಂಬಯಿದಾಗ ಸ್ವಂತ ಮನಿ ಇದ್ದವಗ ಹೆಣ್ಣು. ಇಲ್ಲದವಗ ಇಲ್ಲ."

ಬಾವಾಜಿಯ ದಾನ

ಒಬ್ಬ ಪಾರ್ಸಿ ಬಾವಾಜಿ ನಮ್ಮ ಗ್ಯಾರೇಜಿನ ಗಿರಾಕಿ. ತಮ್ಮ ದೇಶಕ್ಕೆ ವಾಪಸು ಹೊರಟಿದ್ದ ಯಾರೋ ಬಿಳಿಯರಿಂದ ಅವರು ಒಂದು ಹಳೇ ಗಾಡಿ ಕೊಂಡಿದ್ದರು. ಹೊರಗಿನಿಂದ ದಪ್ಪ ವ್ಯಾನು; ಒಳಗೆ ಪೂರಾ ಸಂಸಾರ. ಮಡಚಿದರೆ ಬೆಂಚು, ಬಿಚ್ಚಿದರೆ ಹಾಸಿಗೆ. ಒಂದು ಒಲೆ, ಒತ್ತಿದರೆ ನೀರು ಕೊಡುವ ನಳ, ಬಟ್ಟೆ ಇಡಲು ಕಪಾಟು, ಕಿಟಕಿಗೆ ಹೂವಿನ ಪರದೆ, ಡ್ರೈವರ್ ಹಿಂದೆ ಇನ್ನೊಂದು ಪರದೆ.

ಬಾವಾಜಿ ಹೆಂಡತಿಯನ್ನು ಅದರಲ್ಲಿ ಕೂರಿಸಿಕೊಂಡು ಮಹಾಬಳೇಶ್ವರಕ್ಕೆ ಹೊರಟರು. ಗಾಡಿ ಘಾಟಿನ ಮಧ್ಯ ನಿಂತಿತು. ಅವರ ಹೆಂಡತಿ ಒಳಗಿನ ಒಲೆಯ ಮೇಲೆ ಚಹಾ ಮಾಡಿ, ತಾವೊಬ್ಬರೇ ಕುಡಿದು, ಕಪ್ಪು ತೊಳೆದಿಟ್ಟು, ಎದುರು ಬಂದ ಬಸ್ಸಿಗೆ ಕೈ ಮಾಡಿ ಮನೆಗೆ ಹೋಗಿಬಿಟ್ಟರು.

"ಯಾರಾದರೂ ತೆಗೆದುಕೊಂಡು ಹೋಗಿ" ಎಂದು ಬಾವಾಜಿ ಉಸ್ತಾದರ ಮುಂದೆ ಗೋಗರೆದರು. ಉಸ್ತಾದ್ ನನ್ನ ಕಡೆ ತೋರಿಸಿ, "ಈ ಹುಡುಗಗ ಖೋಲಿ ಬೇಕಾಗೈತಿ" ಅಂದರು. ಬಾವಾಜಿ ಕಾಗದಪತ್ರ ಮಾಡಿಕೊಟ್ಟು, ನನಗೇ ಕೈ ಮುಗಿದು ಒಂದು ಶರತ್ತು ಹಾಕಿದರು: ಆ ಗಾಡಿ ಅವರ ಬಿಲ್ಡಿಂಗ್ ಮುಂದೆ ಕಾಣಿಸಬಾರದು, ಹೆಂಡತಿ ನೋಡಿದರೆ ಅವರ ಊಟ ಬಂದ್.

ಗಾಡಿಗೆ ಶರತ್ತು ಗೊತ್ತಾಗಬೇಕಲ್ಲ. ಒಂದು ಭಾನುವಾರ ಅದು ಸರಿಯಾಗಿ ಅವರ ಬಿಲ್ಡಿಂಗ್ ಮುಂದೆಯೇ ಉಸಿರು ಬಿಟ್ಟಿತು. ಮೇಲಿನ ಬಾಲ್ಕನಿಯ ಬಾಗಿಲು ಕಿರ್ ಅಂದಿತು. ಅಷ್ಟರಲ್ಲಿ ಬಾವಾಜಿ ಪೈಜಾಮದಲ್ಲೇ ಓಡಿ ಬಂದು ಹಿಂದಿನಿಂದ ತಳ್ಳತೊಡಗಿದರು. ಆ ವಯಸ್ಸಿನವರು ಅಷ್ಟು ಜೋರಾಗಿ ಗಾಡಿ ತಳ್ಳಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಶೇಂಗಾ ನೆಲ

ಮುಂಬೈ ಮಳೆ ಆ ಗಾಡಿಯನ್ನು ಕೆಳಗಿನಿಂದ ತಿಂದಿತ್ತು. ಮೇಲಿನಿಂದಲೂ ತಿಂದಿತ್ತು ಅನ್ನಿ. ಮಳೆ ಬಂದರೆ ನಾನು ಪಾತೇಲಿ ಇಟ್ಟುಕೊಂಡು ಕೂರುತ್ತಿದ್ದೆ. ಆದರೆ ನೆಲದ ಕಥೆ ಬೇರೆ. ಮೇಲೆ ರಬ್ಬರ್ ಹಾಸಿದ್ದರಿಂದ ಗೊತ್ತೇ ಆಗಿರಲಿಲ್ಲ.

ಉಸ್ತಾದ್ ಪರೀಕ್ಷೆಗೆಂದು ಡ್ರೈವರ್ ಸೀಟಿನಲ್ಲಿ ಕೂತು, ನಿಧಾನಕ್ಕೆ ಗಾಡಿ ಬಿಟ್ಟರು. ಗೇಟಿನ ಹತ್ತಿರ ಬ್ರೇಕ್ ಹಾಕಲು ಎಡಗಾಲು ಊರಿ ಬಲಗಾಲು ಒತ್ತಿದರು. ಊರಿದ ಎಡಗಾಲು ತಗಡು ಹರಿದುಕೊಂಡು ಸೀದಾ ರಸ್ತೆಯ ಮೇಲೆ ನಿಂತಿತು. ಪುಣ್ಯಕ್ಕೆ ಗಾಡಿಯೂ ನಿಂತಿತು. ನಾನು ಎದೆ ಹಿಡಿದುಕೊಂಡು ಓಡಿ ಹೋದೆ. ಅವರು ಮೊಳಕಾಲಿನ ತನಕ ಇಳಿದ ಕಾಲನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

ಎಣ್ಣೆ ಡಬ್ಬಿಗಳನ್ನು ಬಿಚ್ಚಿ, ಬಡಿದು ಚಪ್ಪಟೆ ಮಾಡಿ, ಹೊಸ ನೆಲ ವೆಲ್ಡಿಂಗ್ ಮಾಡಿದೆವು. ಡಬ್ಬಿಯ ಮೇಲಿನ ಶೇಂಗಾ ಚಿತ್ರಗಳು ಹಾಗೇ ಉಳಿದವು. ಹೊರಗಡೆಗೆ ನಾನೇ ನೀಲಿ ಬಣ್ಣ ಹಚ್ಚಿದೆ. ಬಾಗಿಲಿಗೆ ಬಿದ್ದಷ್ಟೇ ಬಣ್ಣ ನನ್ನ ಅಂಗಿಗೂ ಬಿತ್ತು, ಪಕ್ಕದ ಕನ್ನಡಿಯ ಬೆನ್ನಿಗೂ ಒಂದು ದೊಡ್ಡ ಹನಿ ಬಿದ್ದು ಮಾವಿನಕಾಯಿಯ ಹಾಗೆ ಒಣಗಿತು.

"ಉಸ್ತಾದ್, ಬ್ರೇಕ್ ಹೆಂಗೈತ್ರಿ?" ಎಂದು ಕೊನೆಗೆ ಕೇಳಿದೆ.

"ಭಾಳ ಛಲೋ ಇತ್ತಲ್ಲೋ ಬೇಟಾ. ಫೇಲ್ ಆದ್ರೂ ಕಾಲಿಲೆ ನಿಂದರಸಬಹುದಿತ್ತು. ಸುಮ್ಮನ ವೆಲ್ಡಿಂಗ್ ಮಾಡಿ ಕೆಡಿಸಿದ್ವಿ."

ಪಾನಿನ ಅಂಗಡಿ ತನಕ

ಬಣ್ಣ ಒಣಗಿದ ವಾರದಲ್ಲೇ ಆ ಕನ್ನಡಿ ಕಳುವಾಯಿತು. ಜೊತೆಗೆ ಎರಡೂ ವೈಪರ್. ಇಂಥ ಗಾಡಿ ಇಡೀ ಮುಂಬೈಯಲ್ಲಿ ಇನ್ನೊಂದಿಲ್ಲ, ಅದರ ಸಾಮಾನು ಎಲ್ಲಿಂದ ತರಲಿ? ನನಗೆ ಕಣ್ಣಲ್ಲಿ ನೀರೇ ಬಂತು. ದಾಡಿ ಮಾಡಿಕೊಳ್ಳುವ ಕನ್ನಡಿಯನ್ನು ತಂತಿಯಿಂದ ಕಟ್ಟಿಕೊಂಡೆ. ಸಿಗ್ನಲಿನಲ್ಲಿ ಗಾಡಿ ನಿಂತರೆ ಪಕ್ಕದ ಸೈಕಲಿನವನು ಬಾಚಣಿಗೆ ತೆಗೆದು ಅದರಲ್ಲಿ ಕ್ರಾಪು ತೀಡುತ್ತಿದ್ದ. ಹಸಿರು ದೀಪ ಬಂದರೂ "ಒಂದ್ ಮಿನಿಟ್ ಭಾಯಿ" ಅನ್ನುತ್ತಿದ್ದ.

ಕನ್ನಡಿ ಒಯ್ದವರು ನಾಳೆ ಮನೆಯನ್ನೇ ಒಯ್ಯುತ್ತಾರೆ ಎಂದು ಉಸ್ತಾದ್ ಒಂದು ಉಪಾಯ ಮಾಡಿದರು. ಟ್ಯಾಂಕಿನಿಂದ ಪೆಟ್ರೋಲ್ ಬರುವ ಕೊಳವೆಗೆ ಸೀಟಿನ ಕೆಳಗೆ ಕಾಣದ ಹಾಗೆ ಒಂದು ಸಣ್ಣ ನಳ ಕೂರಿಸಿದರು. ಅದನ್ನು ಬಂದ್ ಮಾಡಿ ಇಳಿಯಬೇಕು. ಕಳ್ಳ ಬಂದರೆ ಗಾಡಿ ಚಾಲೂ ಆಗುತ್ತದೆ, ಹೊರಡುತ್ತದೆ, ಕೊಳವೆಯಲ್ಲಿ ಉಳಿದ ಪೆಟ್ರೋಲ್ ಮುಗಿದ ಕೂಡಲೇ ನಿಂತುಬಿಡುತ್ತದೆ. ಅಳತೆ ಮಾಡಿ ನೋಡಿದೆವು: ತಿರುವಿನಲ್ಲಿದ್ದ ಪಾನಿನ ಅಂಗಡಿಯ ಮುಂದೆ ನಿಲ್ಲುತ್ತಿತ್ತು.

ಉಪಾಯ ಫಲಿಸಿತು. ಒಮ್ಮೆ ಯಾರೋ ಗಾಡಿ ಹೊಡೆದುಕೊಂಡು ಹೋಗಿ, ಅಂಗಡಿಯ ಮುಂದೆ ಬಿಟ್ಟು ಓಡಿದ. ಪಾನ್‌ವಾಲಾ ಭಯ್ಯಾ ನಿಶ್ಚಿಂತೆಯಿಂದ ಹೇಳಿ ಕಳಿಸಿದ, ನಿನ್ನ ಖೋಲಿ ಇಲ್ಲಿ ಬಂದಿದೆ, ತಗೊಂಡು ಹೋಗು ಅಂತ. ಇದು ಕಳ್ಳನ ಕಥೆ. ನಾನೋ ಮರೆಗುಳಿ. ಬೆಳಿಗ್ಗೆ ಅವಸರದಲ್ಲಿ ನಳ ತಿರುಗಿಸುವುದನ್ನು ಮರೆತು ಹೊರಡುತ್ತಿದ್ದೆ, ಅಲ್ಲೇ ನಿಲ್ಲುತ್ತಿದ್ದೆ, ನಿಂತಿದ್ದೇನಲ್ಲ ಎಂದು ಒಂದು ಪಾನ್ ಹಾಕುತ್ತಿದ್ದೆ. ಆ ವರ್ಷ ಪಾನ್‌ವಾಲಾ ಅಂಗಡಿ ದೊಡ್ಡದು ಮಾಡಿದ. ಉಸ್ತಾದರ ನಳಕ್ಕೆ ಅವನಷ್ಟು ಋಣಿ ಯಾರೂ ಇರಲಿಲ್ಲ.

ಹಪ್ಪಳದ ಪಹರೆ

ಗಾಡಿಯನ್ನು ಚಾಳಿನ ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ಅದರ ಮೇಲ್ಛಾವಣಿ ಅಗಲ, ಬಿಸಿಲು ಚೆನ್ನಾಗಿ ಬೀಳುವ ಜಾಗ. ಚಾಳಿನ ಮರಾಠಿ ಆಜಿ ನನ್ನನ್ನು ಒಂದು ಮಾತೂ ಕೇಳದೆ ಏಣಿ ಹಾಕಿಸಿ ಅದರ ಮೇಲೆ ಹಪ್ಪಳ ಹರವಿದಳು. ಮರುದಿನ ಉಳಿದ ಹೆಂಗಸರೂ ಹರವಿದರು. ಒಂದು ತುದಿ ಗಾಡಿಗೆ, ಇನ್ನೊಂದು ಬೇವಿನ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಸೀರೆಗಳು ಬಂದವು.

ಒಂದು ದಿನ ನಾನು ಮೇಲೆ ನೋಡದೆ ಗಾಡಿ ಹೊರಡಿಸಿದೆ. ಸ್ಟೇಷನ್ ರಸ್ತೆಯಲ್ಲಿ ಜನ ನನ್ನನ್ನು ನೋಡಿ ನಗುತ್ತಿದ್ದರು. ಹೊಸ ಬಣ್ಣ ಚೆನ್ನಾಗಿ ಕಾಣುತ್ತಿದೆ ಅಂತ ನಾನೂ ನಕ್ಕೆ. ವಾಪಸು ಬಂದಾಗ ಆಜಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಬೈಗುಳಕ್ಕೆ ತಯಾರಾಗಿ ಇಳಿದೆ. ಅವಳು ಏಣಿ ಹತ್ತಿ, ಒಂದು ಹಪ್ಪಳ ಮುರಿದು ನೋಡಿ, ಗಾಳಿಗೆ ಖಡಕ್ಕಾಗಿ ಒಣಗಿವೆ, ನಾಳೆಯಿಂದ ಬೊರಿವಲಿ ತನಕ ಹೋಗಿ ಬಾ ಅಂದಳು.

ನನಗೆ ಇದರಿಂದ ಒಂದು ದೊಡ್ಡ ಲಾಭವಾಯಿತು. ಹಪ್ಪಳಕ್ಕೆ ಕಾಗೆ ಕಾಯುವ ಹೆಂಗಸರು ಗಾಡಿಯನ್ನೂ ಕಾಯುತ್ತಿದ್ದರು. ಯಾರಾದರೂ ಹತ್ತಿರ ಸುಳಿದರೆ ಆರು ಬಾಗಿಲಿನಿಂದ ಆರು ಲಟ್ಟಣಿಗೆ ಹೊರಬರುತ್ತಿದ್ದವು. ಯಾವ ಗೂರ್ಖಾ ಇಷ್ಟು ಮಾಡುತ್ತಾನೆ? ಉದ್ದು ಮುಗಿದರೆ ನಾನೇ ತಂದು ಕೊಡುತ್ತಿದ್ದೆ.

ಮಾವನವರು ಮಲಗಿದರು

ಕೊನೆಗೆ ಹುಡುಗಿಯ ಅಪ್ಪ ಮನೆ ನೋಡಲು ಬಂದರು. ಭಾಂಡುಪಿನ ಡ್ರೈವರ್ ಮಾಮಾ ಅವರಿಗೆ ಅಡಿಗೆ ಇದೆ, ನಳ ಇದೆ, ಹಾಸಿಗೆ ಇದೆ ಎಂದೆಲ್ಲ ಹೇಳಿ, ಗಾಲಿಯ ವಿಷಯ ಮಾತ್ರ ಹೇಳಿರಲಿಲ್ಲ. ಹುಡುಗಿಗೆ ಎಲ್ಲ ಗೊತ್ತಿತ್ತು. "ನಮ್ಮಪ್ಪ ಒಪ್ಪಿದ್ರ ನನಗ ಗಾಲಿದೂ ಅಡ್ಡಿ ಇಲ್ಲ" ಎಂದು ಹೇಳಿ ಕಳಿಸಿದ್ದಳು. ಅವರು ಬೇಡ ಅಂದರೆ ಮುಗಿಯಿತು, ನನಗೆ ಅವಳಿಲ್ಲ. ಅದಕ್ಕೇ ಆಜಿಯ ಕೈಕಾಲು ಹಿಡಿದು ಅವತ್ತು ಹಪ್ಪಳ, ಹಗ್ಗ, ಸೀರೆ ಎಲ್ಲ ತೆಗೆಸಿ, ಗಾಡಿ ತೊಳೆದು ಒರೆಸಿದ್ದೆ.

ಬಂದವರು ದೊಡ್ಡ ರುಮಾಲಿನ, ದೊಡ್ಡ ಮೀಸೆಯ, ಗಿರಣಿಯ ಸದ್ದಿನಲ್ಲಿ ಮಾತಾಡಿ ರೂಢಿಯಾದ ದೊಡ್ಡ ದನಿಯ ಮನುಷ್ಯ.

"ಮನಿ ಎಲ್ಲೈತಿ?"

"ಇದೇ ರೀ ಕಾಕಾ."

ಅವರು ಸುತ್ತು ಹಾಕಿದರು. ಗಾಲಿಯನ್ನು ಒದ್ದು ನೋಡಿದರು. ಒಳಗೆ ಹತ್ತಿ ನಳ ಒತ್ತಿದರು, ನೆಲದ ಶೇಂಗಾ ನೋಡಿ ಹೂಂ ಅಂದರು.

"ಎಲ್ಲಾ ಛಲೋ ಐತಿ ತಮ್ಮಾ. ಒಂದ ಮಾತು. ನನ್ನ ಮಗಳು ಒಳಗ ಅಡಿಗಿ ಮಾಡಾಕತ್ತಾಗ ಯಾರರ ಹೊಡಕೊಂಡು ಹೋದ್ರ?"

"ಅದು ಸಾಧ್ಯನ ಇಲ್ರಿ ಕಾಕಾ. ನನ್ನ ಮನಿ ಕದಿಯೋ ಮಗಾ ಇನ್ನೂ ಹುಟ್ಟಿಲ್ಲ."

"ಹಂಗಂದ್ರ ಉಂಡು, ಇದರಾಗ ಒಂದು ನಿದ್ದಿ ಮಾಡಿ ಹೇಳ್ತೀನಿ" ಎಂದು ಊಟ ಮುಗಿಸಿ ಪರದೆ ಎಳೆದು ಮಲಗಿದರು. ಒಳಗಿನ ಸಣ್ಣ ಫ್ಯಾನು ತಿರುಗಬೇಕಾದರೆ ಕೀಲಿ ಹಾಕಿಡಬೇಕು. ಹಾಕಿಟ್ಟು, ನಮ್ಮ ಕಡೆಯ ಹಿರಿಯರಾಗಿ ಉಸ್ತಾದರನ್ನು ಕರೆತರಲು ಗ್ಯಾರೇಜಿಗೆ ಓಡಿದೆ.

ನಾವಿಬ್ಬರೂ ಜಿಲೇಬಿ ಹಿಡಿದುಕೊಂಡು ಬಂದಾಗ ಗಾಡಿ ಇರಲಿಲ್ಲ. ಮಾವನವರೂ ಇರಲಿಲ್ಲ. ಹಪ್ಪಳ ಇಲ್ಲದ ಅಂಗಳದಲ್ಲಿ ಕಾಯುವವರು ಯಾರು, ಹೆಂಗಸರೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ನಾನು ಅಲ್ಲೇ ಕುಸಿದು ಕೂತೆ. "ಉಸ್ತಾದ್, ಮನಿ ಹೋತು, ಮಾವ ಹೋದ, ಹುಡುಗಿ ಹೋದ್ಳು" ಎಂದು ಅತ್ತೆ. ನಿಜವಾಗಿ ಅತ್ತೆ ನೋಡ್ರಿ. ಉಸ್ತಾದ್ ನನ್ನ ಕೈಯಿಂದ ಜಿಲೇಬಿ ಇಸಿದುಕೊಂಡು, "ಪೆಟ್ರೋಲ್ ನಳ ಬಂದ್ ಮಾಡಿದ್ದಿಯೇನು?" ಅಂದರು. ಮಾಡಿದ್ದೆ.

ಪಾನಿನ ಅಂಗಡಿ ಕಡೆ ಓಡಬೇಕು ಅನ್ನುವಷ್ಟರಲ್ಲಿ ಗೇಟಿನಿಂದ ಗಾಡಿಯೇ ಒಳಗೆ ಬಂತು. ಹಿಂದೆ ಇಬ್ಬರು ಅಪರಿಚಿತರು ಬೆವರಿನಲ್ಲಿ ತೊಯ್ದು ತಳ್ಳುತ್ತಿದ್ದರು. ಪಕ್ಕದಲ್ಲಿ ಪೊಲೀಸ್ ಹವಾಲ್ದಾರ ಪಾನ್ ಜಗಿಯುತ್ತ, "ಢಕಲಾ ರೇ, ಢಕಲಾ" ಅನ್ನುತ್ತಿದ್ದ. ಸ್ಟೇರಿಂಗ್ ಹಿಡಿದು ಕೂತವರು ನಮ್ಮ ಮಾವ, ರುಮಾಲು ಸುತ್ತಿಕೊಂಡು.

ಆದದ್ದು ಇಷ್ಟು. ಗಾಡಿ ಅಲುಗಿದ್ದಕ್ಕೆ ಎಚ್ಚರವಾಗಿ, ಹುಡುಗ ಊರು ತೋರಿಸಲು ಆಳುಗಳನ್ನು ಕಳಿಸಿದ್ದಾನೆ ಎಂದು ಅವರು ಸುಮ್ಮನೆ ಮಲಗೇ ಇದ್ದರಂತೆ. ಅಂಗಡಿಯ ಮುಂದೆ ನಿಂತಾಗ ಪರದೆ ಸರಿಸಿ, "ಯಾಕ್ರಲೇ, ಯಾಕ ನಿಂತಿತು?" ಅಂದರು. ಕಳ್ಳರು ಹಾರಿ ಓಡುವ ಮೊದಲೇ ಅಂಗಡಿಗೆ ಪಾನ್ ಹಾಕಲು ಬಂದಿದ್ದ ಹವಾಲ್ದಾರನನ್ನು ಕಿಟಕಿಯಿಂದ ಕರೆದು, ತಮಗೆ ಬರುವ ಹಿಂದಿಯಲ್ಲಿ, ಅಳಿಯನ ಗಾಡಿ, ಈ ಸೋಮಾರಿಗಳಿಗೆ ತಳ್ಳಲು ಹೇಳು ಅಂದರು. ಹಿರಿಯರೇ ಒಳಗಿದ್ದಾರಲ್ಲ, ಮನೆಯವರೇ ಇರಬೇಕೆಂದು ಪಾನ್‌ವಾಲಾ ಕೂಡ ಒಂದು ಕೈ ಹಾಕಿದನಂತೆ.

ನಾನು ಬಾಯಿ ತೆರೆದು ಕಳ್ಳರು ಅನ್ನುವ ಹಾಗಿರಲಿಲ್ಲ. ಅಂದರೆ ಮನೆ ಕಳುವಾಗುತ್ತದೆ ಎಂದು ಮಾವನಿಗೆ ಗೊತ್ತಾಗುತ್ತಿತ್ತು. ಅವರಿಬ್ಬರೂ ಬಾಯಿ ತೆರೆಯುವ ಹಾಗಿರಲಿಲ್ಲ, ಹವಾಲ್ದಾರನಿದ್ದ.

"ನಿನ್ನ ಆಳುಗಳು ಭಾಳ ವಿನಯದವರು ಅದಾರ. ಒಂದು ಎದುರು ಮಾತಿಲ್ಲ" ಅಂದರು ಮಾವ. "ಹಿಂಗ ಕಾಯೋ ಮಂದಿ ಇದ್ದ ಮ್ಯಾಲ ನನಗ ಚಿಂತಿಲ್ಲ. ಹೆಣ್ಣು ಕೊಟ್ಟೆ. ಇವರಿಗೆ ಚಹಾ ಕೊಡು."

ಕೊಟ್ಟೆ. ನನ್ನ ಕೈಯಾರೆ, ನನ್ನ ಒಲೆಯ ಮೇಲೆ ಮಾಡಿ, ಕಳ್ಳರಿಗೆ ಚಹಾ ಕೊಟ್ಟೆ. ಉಸ್ತಾದ್ ಜಿಲೇಬಿಯನ್ನೂ ಹಂಚಿದರು. "ಭಾಯಿ, ಇನ್ನು ಜನ್ಮದಲ್ಲಿ ಈ ಕಡೆ ಬರೋದಿಲ್ಲ" ಎಂದು ಒಬ್ಬ ಸೊಂಟ ನೀವುತ್ತ ಪಿಸುಗುಟ್ಟಿದ. ಮಾವ ಕೇಳಬೇಕಲ್ಲ, ಹವಾಲ್ದಾರನ ಜೊತೆಗೆ ಅವರಿಬ್ಬರನ್ನೂ ಮದುವೆಗೆ ಕರೆದುಬಿಟ್ಟರು.

ಮದುವೆಗೆ ಹವಾಲ್ದಾರ ಬಂದ. ಇಸ್ತ್ರಿ ಅಂಗಿ ಹಾಕಿಕೊಂಡು ಅವರಿಬ್ಬರೂ ಬಂದರು, ಹೊಟ್ಟೆ ತುಂಬ ಉಂಡರು, ಪೇಪರಿನಲ್ಲಿ ಸುತ್ತಿದ ಉಡುಗೊರೆಯನ್ನು ನನ್ನ ಕೈಗಿಟ್ಟು ತಲೆ ತಗ್ಗಿಸಿಕೊಂಡು ಹೋದರು. ಹೆಂಡತಿ ಪಕ್ಕದಲ್ಲಿ ಕೂತು ಬಿಚ್ಚಿದಳು. ಎರಡು ವೈಪರ್, ಒಂದು ಕನ್ನಡಿ. ಕನ್ನಡಿಯ ಬೆನ್ನಿಗೆ ಮಾವಿನಕಾಯಿಯಂಥ ನೀಲಿ ಹನಿ.

ಮಾವ ಅದನ್ನು ಎತ್ತಿ ಬಂದವರಿಗೆಲ್ಲ ತೋರಿಸಿದರು.

"ನೋಡ್ರಿ, ಆಳು ಅಂದ್ರ ಹಿಂಗಿರಬೇಕು. ಮಾಲಕನ ಗಾಡಿಗೆ ಏನು ಕಡಿಮಿ ಐತಿ ಅನ್ನೋದು ಅವರಿಗೆ ಬರೋಬ್ಬರಿ ಗೊತ್ತೈತಿ."