ಮಾವಶಿ ಬಂದರೆ ಎಳೆ ಹರಿಯುತ್ತದೆ

ಮನುಷ್ಯನ ತಲೆಗೆ ಒಂದು ಕಾರಣ ಹೊಕ್ಕಿತೆಂದರೆ ಅದನ್ನು ಹೊರಗೆ ಹಾಕುವುದು ಬೇರೂರಿದ ಬೀಗರನ್ನು ಎಬ್ಬಿಸುವುದಕ್ಕಿಂತ ಕಷ್ಟ. ಅರವತ್ತರ ದಶಕದಲ್ಲಿ ನಾನು ಇಚಲಕರಂಜಿಯ ಮಗ್ಗದ ಶೆಡ್ಡೊಂದರಲ್ಲಿ ನೇಯುತ್ತಿದ್ದಾಗ ಇಂಥದ್ದು ದಿನಾ ನಡೆಯುತ್ತಿತ್ತು. ಆಗ ನಕ್ಕಿದ್ದೆವು, ಈಗ ನೆನೆದರೆ ಹಳಹಳಿಯೇ ಹೆಚ್ಚು.

ಟೊಪ್ಪಿಗೆ

ಮಗ್ಗ ರಿಪೇರಿ ಮಾಡುವ ನಮ್ಮ ಜಾಬರ ಒಂದು ದಿನ ಟೊಪ್ಪಿಗೆ ಮರೆತು ಬಂದ. ಆವತ್ತು ಒಂದು ಮಗ್ಗವೂ ಕೆಡಲಿಲ್ಲ. ಮರುದಿನದಿಂದ ಬರಿದಲೆ, ನೆತ್ತಿ ಸುಟ್ಟರೂ ಬಿಡಲಿಲ್ಲ. ಮುಂದೊಂದು ದಿನ ಮಗ್ಗ ನಿಂತಾಗ, ಈಗೇನು ಹೇಳುತ್ತೀ ಎಂದು ಕೇಳಿದೆ.

"ಇವತ್ತ ತಲಿಗೆ ಎಣ್ಣಿ ಭಾಳ ಆಗೇತಿ. ಅದೂ ಒಂದ ನಮೂನಿ ಟೊಪಗೀನ" ಅಂದ.

ನೀರು

ಲಾಳಿಯೊಳಗಿನ ಕಾಂಡಿಗೆ ನೂಲು ತುಂಬುವವಳನ್ನು ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಅಕಿವಾಟದ ಕಡೆಯವಳು. ಗಂಡನಿಲ್ಲದ ಹೆಂಗಸು, ಮನೆಯ ಒಲೆ ಉರಿಯುತ್ತಿದ್ದದ್ದು ಈ ಕೆಲಸದಿಂದಲೇ. ಬಿಸಿಲಿಗೆ ನೂಲು ಒಣಗಿ ಎಳೆ ಹರಿಯತೊಡಗಿದರೆ ಕೊಡ ಎತ್ತಿಕೊಂಡು ಬಂದು ನೆಲಕ್ಕೆ ನೀರು ಚಿಮುಕಿಸುವಳು. ತಂಪಿಗೆ ಎಳೆ ಗಟ್ಟಿಯಾಗುತ್ತಿತ್ತು. ಜಾಬರನಿಗೆ ಕಂಡದ್ದು ಇಷ್ಟೇ: ಎಳೆ ಹರಿದಾಗಲೆಲ್ಲ ಅಲ್ಲಿ ಮಾವಶಿ ಇರುತ್ತಾಳೆ. ಅವಳ ಕಾಲ್ಗುಣವೇ ಕೆಟ್ಟದ್ದೆಂದು ಮಾಲಕನಿಗೆ ಹೇಳಿದ. ಮಾವಶಿ, ತಾನು ಊರಿಗೆ ಹೋದ ದಿನವೂ ಎಳೆ ಹರಿದದ್ದನ್ನು ನೆನಪಿಸಿದಳು.

"ನಾಳೆ ಬರತೇನಿ ಅಂತ ಮನಸಿನ್ಯಾಗ ಅಂದ್ಕೊಂಡಿರತಿ, ಮಾವಶಿ" ಅಂದ ಜಾಬರ.

ನಾವೆಲ್ಲ ನಕ್ಕೆವು. ಮಾಲಕ ನಗಲಿಲ್ಲ, ಅವಳನ್ನು ಕೆಲಸದಿಂದ ಬಿಡಿಸಿದ.

ಬಸ್ಸು

ಮಾವಶಿ ಗಡಹಿಂಗ್ಲಜದ ತಂಗಿಯ ಮನೆ ಸೇರಿದಳು. ನೀರು ಚಿಮುಕಿಸುವವರಿಲ್ಲದೆ ಎಳೆಗಳು ಇನ್ನೂ ಹೆಚ್ಚು ಹರಿದವು. ಸಿಟ್ಟಿನಿಂದ ತಿರುಗಿ ನೋಡಿ ಹೋಗಿದ್ದಾಳೆ, ಅದಕ್ಕೇ ಎಂದ ಜಾಬರ. ಕಡೆಗೆ ಯಾರೋ ಸೆಕೆ ತಾಳದೆ ನೆಲಕ್ಕೆ ನೀರು ಹೊಡೆದರು, ಮಗ್ಗಗಳು ಸುಸೂತ್ರ ಓಡಿದವು. ಆಗ ಎಲ್ಲರಿಗೂ ಅರ್ಥವಾಯಿತು. ಅವಳನ್ನು ಕರೆತರಲು ಮಾಲಕ ಜಾಬರನನ್ನೂ ನನ್ನನ್ನೂ ಕಳಿಸಿದ. ದಾರಿಯಲ್ಲಿ ಬಸ್ಸು ಎರಡು ಸಲ ಕೆಟ್ಟು ನಿಂತಿತು.

ಮಾವಶಿ ಚಹಾ ಕೊಟ್ಟಳು. ಜಾಬರ ಕಾಲು ಮುಟ್ಟಿ ತಪ್ಪಾಯಿತೆಂದ. ಅವಳಿಗೆ ಸಿಟ್ಟೇ ಇರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು.

"ಒಲ್ಲೆಪಾ. ನಾಳೆ ಮಗ್ಗ ನಿಂತ್ರ ಎಲ್ಲಾರೂ ಮೊದಲ ನನ್ನ ಮಾರಿ ನೋಡ್ತೀರಿ."

ಹಾಗೆ ನೋಡುವುದಿಲ್ಲವೆಂದು ಜಾಬರ ಆಣೆ ಮಾಡಿದರೂ ಅವಳು ಏಳಲಿಲ್ಲ. ಮರಳುವಾಗ ಅವನು ಕಿಟಕಿಯ ಪಕ್ಕ ಕೂತು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಡ್ರೈವರ ಬಂದು ಬಸ್ಸು ಚಾಲೂ ಮಾಡಿದ, ಒಂದೇ ಸಲಕ್ಕೆ ಹೊರಟಿತು.

ಜಾಬರ ಮೂಗು ಒರೆಸಿಕೊಂಡು ನನ್ನ ಕಿವಿಯಲ್ಲಿ ಅಂದ: "ನೋಡಿದೇನ, ಮಾವಶಿ ಬರಲಿಲ್ಲ, ಬಸ್ ಹೆಂಗ ಒಮ್ಮೆಲೆ ಚಾಲೂ ಆತು."