ನಮ್ಮ ಮಾವನ ವಜ್ರಕಾಯ ಪದ್ಧತಿ

ನನ್ನ ಸೋದರಮಾವ ತಮ್ಮ ಇಡೀ ನೌಕರಿಯಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿಯನ್ನೂ ಬಲಶಾಲಿ ಮಾಡಲಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ!

ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ಬ್ಯಾಕೋಡಿನ ಕಡೆಯ ನಮ್ಮ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿದ್ದರು. ಬೇರೆ ಶಾಲೆಗಳಲ್ಲಿ ಡ್ರಿಲ್ ಎಂದರೆ ಡ್ರಿಲ್, ಅಷ್ಟೇ. ನಮ್ಮಲ್ಲಿ ಅದಕ್ಕೊಂದು ಹೆಸರಿತ್ತು: ‘ವಜ್ರಕಾಯ ಸಾಮೂಹಿಕ ವ್ಯಾಯಾಮ ಪದ್ಧತಿ’. ಹೆಸರಿಗೆ ಸಾಗರದಲ್ಲಿ ಮಾಡಿಸಿದ ರಬ್ಬರ್ ಸ್ಟಾಂಪಿತ್ತು. ನಮ್ಮ ಬನಿಯನ್ನುಗಳ ಎದೆಯ ಮೇಲೆ ನೀಲಿ ದಾರದಲ್ಲಿ ಹೊಲಿದ ವಜ್ರವಿತ್ತು. ಶಾಲೆಯ ಗೋಡೆಗೆ ಮಾವ ಸ್ವಹಸ್ತದಿಂದ ಬರೆದ ಪ್ರಕಟಣೆಯ ಕೊನೆಯ ಸಾಲು, ‘ನಕಲಿಗಳಿಂದ ಎಚ್ಚರಿಕೆ’. ಬಸ್ಸಿಳಿದು, ಲಾಂಚು ಹತ್ತಿ, ಹಿನ್ನೀರು ದಾಟಿ ಬಂದು ಅದನ್ನು ಕದಿಯುವವರು ಯಾರಿದ್ದರು? ಕೇಳುವ ಧೈರ್ಯ ನಮಗಿರಲಿಲ್ಲ.

ಧೈರ್ಯವಿದ್ದದ್ದು ಅವರ ತಾಯಿ, ನನ್ನ ಅಜ್ಜಿಗೆ.

“ವಜ್ರಕಾಯ ಅಂತೆ! ಮೊದ್ಲು ನಿನ್ ಕಾಯ ನೋಡ್ಕೋ ಮಾರಾಯ. ಚಡ್ಡಿ ಸೊಂಟದ ಮೇಲೆ ನಿಲ್ತಾ ಇಲ್ಲ!”

“ಡಾಕ್ಟ್ರಿಗೂ ಜ್ವರ ಬರ್ತದೆ ಅಮ್ಮ,” ಎಂದು ಮಾವ ಚಡ್ಡಿಯ ದಾರ ಬಿಗಿದುಕೊಂಡರು.

ಪದ್ಧತಿಯಲ್ಲಿ ಹನ್ನೆರಡು ವ್ಯಾಯಾಮಗಳು. ಯಾವುದಕ್ಕೂ ಹೆಸರಿಲ್ಲ, ಸಂಖ್ಯೆ ಮಾತ್ರ. ನಾಲ್ಕು ಎಂದರೆ ತುದಿಗಾಲಲ್ಲಿ ನಿಲ್ಲಬೇಕು. ಒಂಬತ್ತು ಎಂದರೆ ಇದ್ದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಬೆನ್ನು ನೆಟ್ಟಗೆ ಮಾಡಿ, ಅಲುಗದೆ ಇರಬೇಕು. ಸಂಖ್ಯೆ ಕಿವಿಗೆ ಬಿದ್ದಮೇಲೆ ಯಾರೂ ಯೋಚಿಸುವಂತಿಲ್ಲ. “ಯೋಚ್ನೆ ಮಾಡೂಕೆ ಬೇರೆ ಪಿರಿಯಡ್ ಉಂಟು,” ಎನ್ನುತ್ತಿದ್ದರು ಮಾವ.

ಆ ಬೇರೆ ಪಿರಿಯಡ್ಡಿನಲ್ಲೇ ಅನಾಹುತವಾಯಿತು. ಗಣಿತದ ಮೇಷ್ಟ್ರು ಎಂಬತ್ತೊಂದರ ವರ್ಗಮೂಲ ಕೇಳಿದರು. ಯಾರಿಗೂ ಗೊತ್ತಿಲ್ಲ. ಸಿಟ್ಟಿನಿಂದ ಬೋರ್ಡಿಗೆ ಬಡಿದು ಅವರೇ “ಒಂಬತ್ತು!” ಎಂದರು. ಇಡೀ ತರಗತಿ ಬೆಂಚು ಬಿಟ್ಟು ನೆಲದ ಮೇಲೆ ಕೂತಿತು! ಅವರ ಸ್ವಂತ ಮಗಳು ಎಲ್ಲರಿಗಿಂತ ಮೊದಲು ಕೂತಿದ್ದಳು.

ಮೇಷ್ಟ್ರು ನೇರ ಹೆಡ್‌ಮಾಸ್ಟರ ಕೋಣೆಗೆ ಹೋದರು. ಹಿಂದೆಯೇ ಮಾವನಿಗೂ ಕರೆ ಬಂತು. ಕಿಟಕಿಯ ಹೊರಗೆ ನಾವು.

“ಮಕ್ಕಳು ಲೆಕ್ಕದಲ್ಲಿ ಫೇಲಾಗ್ತಾ ಇದಾವೆ ಸಾರ್. ಇವರು ಕೋತಿ ಕುಣಿಸ್ತಾ ಇದಾರೆ. ಆ ಪಿರಿಯಡ್ ನಂಗೆ ಕೊಡಿ.”

“ಉತ್ರ ಗೊತ್ತಿಲ್ದೇ ಇದ್ರೂ ಎಲ್ರೂ ಒಟ್ಟಿಗೆ ಕೂತ್ರಲ್ಲ ಸಾರ್!” ಎಂದರು ಮಾವ. “ಶಿಸ್ತು ನೋಡಿ!”

ಹೆಡ್‌ಮಾಸ್ಟರು ತೀರ್ಪು ಕೊಟ್ಟರು. ಸಾಗರದ ಕ್ರೀಡಾಕೂಟದಲ್ಲಿ ಸಾಮೂಹಿಕ ವ್ಯಾಯಾಮಕ್ಕೆ ಬಹುಮಾನ ಬಂದರೆ ವಜ್ರಕಾಯ ಉಳಿಯುತ್ತದೆ. ಬಾರದಿದ್ದರೆ ಆ ಪಿರಿಯಡ್ಡು ಗಣಿತಕ್ಕೆ. ಆ ರಾತ್ರಿ ಮಾವ ಊಟ ಮಾಡಲಿಲ್ಲ. ತೂಕ ಇಳಿಯಲು ಅವರಲ್ಲಿ ಏನು ಉಳಿದಿತ್ತೋ!

ಇಲ್ಲಿಂದ ಮುಂದೆ ನಿಧಾನವಾಗಿ ಬರೆಯುತ್ತೇನೆ. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು.

ಕ್ರೀಡಾಕೂಟದ ದಿನ ಬೆಳಿಗ್ಗೆ ಲಾಂಚಿನಲ್ಲಿ ನಾವು ನಲವತ್ತೊಂದು ಮಕ್ಕಳಿದ್ದೆವು. ಮಾವನೂ ಸೇರಿ ದೊಡ್ಡವರು ಹತ್ತು ಹನ್ನೆರಡು ಮಂದಿ ಇರಬಹುದು. ನಡುನೀರಿನಲ್ಲಿ ಯಾರೋ “ನೀರುನಾಯಿ!” ಎಂದರು. ಎರಡು ನೀರುನಾಯಿಗಳು ನಿಜವಾಗಿ ಈಜುತ್ತಿದ್ದವು. ಎಲ್ಲರೂ ಎಡಗಡೆಗೆ ಓಡಿದೆವು. ಲಾಂಚು ವಾಲಿತು. ನೀರು ಅಂಚು ದಾಟಿ ಒಳಗೆ ಬಂತು. ನನ್ನ ಪಾದ ಮುಳುಗಿತು. ಚೀರಾಟ ಎದ್ದಿತು. ಎಲ್ಲರೂ ತಿರುಗಿ ಬಲಕ್ಕೆ ಓಡತೊಡಗಿದೆವು. ಲಾಂಚು ಈಗ ಆ ಕಡೆಗೆ, ಮೊದಲಿಗಿಂತ ಜೋರಾಗಿ, ವಾಲತೊಡಗಿತು.

“ಒಂಬತ್ತು!”

ಕೂತೆವು. ಯಾರು ಎಲ್ಲಿದ್ದರೋ ಅಲ್ಲೇ, ನಡುವೆ, ಅಂಚಿನಲ್ಲಿ, ಒಳಬಂದ ನೀರಿನಲ್ಲೇ. ಬೆನ್ನು ನೆಟ್ಟಗೆ. ಕೋಳಿ ಹಿಡಿದಿದ್ದ ಮುದುಕಿಯೂ ನಮ್ಮನ್ನು ನೋಡಿ ಕೂತಳು. ಲಾಂಚು ಎರಡು ಸಲ ತೂಗಿ ನಿಂತಿತು. ಗಣಿತದ ಮೇಷ್ಟ್ರ ಮಗಳು ನನ್ನ ಪಕ್ಕದಲ್ಲಿದ್ದಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು, ಬೆನ್ನು ಮಾತ್ರ ಬಾಗಿರಲಿಲ್ಲ. ದಡ ಮುಟ್ಟುವವರೆಗೆ ಮಾವ ಬೇರೆ ಸಂಖ್ಯೆ ಹೇಳಲಿಲ್ಲ.

ಹಾಗಾದರೆ ಬಹುಮಾನ ಬಂತೇ? ಎಲ್ಲಿಂದ! ಮೈಗಂಟಿದ ಒದ್ದೆ ಚಡ್ಡಿಯಲ್ಲಿ ನಾಲ್ಕು ಎಂದರೆ ಯಾರು ತುದಿಗಾಲಲ್ಲಿ ನಿಲ್ಲುತ್ತಾರೆ? ಮೂವರು ಬಿದ್ದೆವು. ಬ್ಯಾಂಡ್‌ಸೆಟ್ ತಂದಿದ್ದ ಪೇಟೆಯ ಶಾಲೆಗೆ ಮೊದಲನೆಯ ಬಹುಮಾನ ಹೋಯಿತು. ನಾವು ಕೊನೆಯಿಂದ ಮೊದಲಿಗರು!

ಸೋಮವಾರ ಮಾವ ತಾವೇ ಹೆಡ್‌ಮಾಸ್ಟರಿಗೆ ಫಲಿತಾಂಶ ಒಪ್ಪಿಸಿದರು. ಟೈಮ್‌ಟೇಬಲ್ಲಿನಲ್ಲಿ ‘ವ್ಯಾಯಾಮ’ ಹೊಡೆದು ‘ಗಣಿತ’ ಎಂದು ಬರೆದದ್ದೂ ಅವರೇ. ಲಾಂಚಿನ ಮಾತನ್ನು ಅವರು ಎತ್ತಲಿಲ್ಲ. ನಾವು ಮಕ್ಕಳು ಮಾತ್ರ ಮನೆಯಲ್ಲಿ ಹೇಳದೆ ಬಿಟ್ಟಿರಲಿಲ್ಲ.

ಮಧ್ಯಾಹ್ನ ಆ ಪಿರಿಯಡ್ಡಿಗೆ ಗಣಿತದ ಮೇಷ್ಟ್ರು ಬಂದರು. ಪುಸ್ತಕ ತೆರೆಯಲಿಲ್ಲ. “ಎದ್ದೇಳಿ,” ಎಂದು ಎಲ್ಲರನ್ನೂ ಸಾಲಾಗಿ ಮೈದಾನಕ್ಕೆ ನಡೆಸಿದರು. ಮಾವ ಮೂಲೆಯಲ್ಲಿ ವಾಲಿಬಾಲ್ ಬಲೆ ಸುತ್ತಿಡುತ್ತಿದ್ದರು. ಮೇಷ್ಟ್ರು ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು, ಕೊನೆಯ ಸಾಲಿನಲ್ಲಿ ಮಗಳ ಪಕ್ಕ ಹೋಗಿ ನಿಂತರು.

“ಪಿರಿಯಡ್ ನಂದೇ ಅಲ್ವಾ, ನಂಗೆ ಬೇಕಾದ್ದು ಮಾಡ್ತೀನಿ. ಹೇಳಿಕೊಡಿ ಸಾರ್. ಒಂದರಿಂದ ಶುರು ಮಾಡಿ, ನಂಗೆ ಯಾವ್ದೂ ಬರಲ್ಲ.”

ಮಾವ ಬಲೆ ಕೆಳಗಿಟ್ಟು ಬಂದು ನಮ್ಮೆದುರು ನಿಂತರು. ಬಾಯಿ ತೆರೆದರು. ‘ಒಂದು’ ಎನ್ನುವ ಮೊದಲೇ ಮುಖ ತಿರುಗಿಸಿ ನಿಂತರು. ನಾವು ಯಾರೂ ಅಲುಗದೆ, ಬಿಸಿಲಲ್ಲಿ, ಅವರು ತಿರುಗುವವರೆಗೆ ಕಾದೆವು.